ಪೊಕೆಮಾನ್ ಕಾಳಗದ ಕಂಪ್ಯೂಟರ್ ಎದುರಾಳಿ: ಒಂದು ಪುಟ್ಟ ಇತಿಹಾಸ

ಮನೆಯ ಮಕ್ಕಳು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಆಟವಾಡುವುದನ್ನು ನೀವು ನೋಡಿರುತ್ತೀರಿ. ವಿದ್ಯಾರ್ಥಿಗಳಾಗಿದ್ದರೆ ಸ್ವತಃ ಆಡಿಯೂ ಇರುತ್ತೀರಿ. ಕಂಪ್ಯೂಟರ್ ಎದುರಾಳಿಯ ಕೈಯಲ್ಲಿ ಸೋತಾಗ ‘ಅಬ್ಬಾ, ಇದಕ್ಕೆಷ್ಟು ಬುದ್ಧಿ!’ ಎಂದು ಬೆರಗಾಗುವವರು ಬಹಳ. ಅದು ತೀರ್ಮಾನಕ್ಕೆ ಬರುವುದು ಹೇಗೆ ಎಂದು ವಿಚಾರಿಸುವವರು ಕಡಿಮೆ. ಜಪಾನಿನ ಒಂದು ಜನಪ್ರಿಯ ಆಟದ ಇತಿಹಾಸವನ್ನು ಕೆದಕಿದರೆ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಸಿಗುತ್ತದೆ.

ಆಟದ ಹುಟ್ಟು

ಸತೋಶಿ ತಜಿರಿ ಎಂಬವರು 1965ರಲ್ಲಿ ಹುಟ್ಟಿದವರು. ಟೋಕಿಯೋ ನಗರದ ಹೊರವಲಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುತ್ತಾ ಬೆಳೆದರು. ನಿಂಟೆಂಡೊ ಕಂಪೆನಿಯ ಗೇಮ್ ಬಾಯ್ ಎಂಬ ಅಂಗೈಯಗಲದ ಆಟದ ಯಂತ್ರ 1989ರಲ್ಲಿ ಬಂತು. ಎರಡು ಯಂತ್ರಗಳನ್ನು ಜೋಡಿಸುವ ಕೇಬಲನ್ನು ಕಂಡಾಗ, ಬಾಲ್ಯದ ಆ ಕೀಟಗಳಂತೆ ಜೀವಿಗಳನ್ನು ಅದರ ಮೂಲಕ ಗೆಳೆಯರು ವಿನಿಮಯ ಮಾಡಿಕೊಳ್ಳುವ ಆಟದ ಕಲ್ಪನೆ ಅವರಿಗೆ ಹೊಳೆಯಿತು. ಸುಮಾರು ಆರು ವರ್ಷಗಳ ದುಡಿಮೆಯ ನಂತರ 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ‘ಪೊಕೆಮಾನ್’ ಆಟದ ರೆಡ್ ಮತ್ತು ಗ್ರೀನ್ ಆವೃತ್ತಿಗಳು ಬಿಡುಗಡೆಯಾದವು.

ಇದರಲ್ಲಿ 151 ಬಗೆಯ ಕಾಲ್ಪನಿಕ ಜೀವಿಗಳಿವೆ. ಬೆಂಕಿ, ನೀರು, ಹುಲ್ಲು, ವಿಷ, ಮನಶ್ಶಕ್ತಿ ಹೀಗೆ ಒಟ್ಟು 15 ವರ್ಗಗಳು. ಬೆಂಕಿಗೆ ನೀರು ವೈರಿ, ನೀರಿಗೆ ಹುಲ್ಲು ವೈರಿ. ವೈರಿ ವರ್ಗದ ಏಟು ಬಿದ್ದರೆ ಪೆಟ್ಟು ದುಪ್ಪಟ್ಟು. ಪ್ರತಿ ಜೀವಿಗೂ ಹೆಚ್ಚೆಂದರೆ ನಾಲ್ಕು ಪಟ್ಟುಗಳು. ಪ್ರತಿ ಸರದಿಯಲ್ಲಿ ಇಬ್ಬರೂ ಒಂದೊಂದು ಪಟ್ಟನ್ನು ಆರಿಸಬೇಕು. ಗೆಳೆಯನೊಡನೆ ಆಡುವಾಗ ಎದುರಿನ ಪಟ್ಟನ್ನು ಆರಿಸುವವನು ಗೆಳೆಯ. ಒಬ್ಬರೇ ಆಡುವಾಗ ಅದನ್ನು ಆರಿಸುವವರು ಯಾರು?

ಮೂರು ನಿಯಮಗಳು

ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಹವ್ಯಾಸಿ ಪ್ರೋಗ್ರಾಮರುಗಳು. ಅವರು ಆಟದ ಯಂತ್ರಭಾಷೆಯನ್ನು ಸಾಲುಸಾಲಾಗಿ ಬಿಡಿಸಿ ಓದಿದರು. ಅದರೊಳಗಿರುವುದು ಇಷ್ಟೇ.

ಕಾಡಿನಲ್ಲಿ ಎದುರಾಗುವ ಜೀವಿಗೆ ಯಾವ ಲೆಕ್ಕಾಚಾರವೂ ಇಲ್ಲ. ಚೀಟಿ ಎತ್ತಿದಂತೆ ತನ್ನ ಪಟ್ಟುಗಳಲ್ಲಿ ಯಾವುದೋ ಒಂದನ್ನು ಆರಿಸುತ್ತದೆ. ಆದರೆ ಜೀವಿಗಳನ್ನು ಪಳಗಿಸಿದ ಎದುರಾಳಿ ಬಂದಾಗ ಕಂಪ್ಯೂಟರ್ ಅಂಕ ಹಾಕುತ್ತದೆ. ಮೊದಲು ಪ್ರತಿ ಪಟ್ಟಿಗೂ 10 ಅಂಕ. ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ನಂತರ ಮೂರು ನಿಯಮಗಳು. ಒಂದನೆಯದು: ನಿಮ್ಮ ಜೀವಿ ಈಗಾಗಲೇ ನಿದ್ರೆಗೋ ವಿಷಕ್ಕೋ ಒಳಗಾಗಿದ್ದರೆ, ಮತ್ತೆ ಅಂಥದ್ದನ್ನೇ ಮಾಡುವ ಪಟ್ಟಿಗೆ 5 ಅಂಕ ಸೇರಿಸು. ಎರಡನೆಯದು: ಕಣಕ್ಕಿಳಿದ ಎರಡನೇ ಸರದಿಯಲ್ಲಿ ತನ್ನ ಬಲ ಹೆಚ್ಚಿಸಿಕೊಳ್ಳುವ ಪಟ್ಟಿನಂಥವುಗಳಿಂದ 1 ಅಂಕ ಕಳೆ. ಮೂರನೆಯದು: ಪಟ್ಟಿನ ವರ್ಗವು ಎದುರಿನ ಜೀವಿಗೆ ವೈರಿಯಾಗಿದ್ದರೆ 1 ಅಂಕ ಕಳೆ. ಕೊನೆಯಲ್ಲಿ ಅತಿ ಕಡಿಮೆ ಅಂಕದ ಪಟ್ಟು ಒಂದೇ ಇದ್ದರೆ ಅದು. ಹಲವಿದ್ದರೆ ಅವುಗಳಲ್ಲಿ ಒಂದು.

ಎಲ್ಲ ಎದುರಾಳಿಗಳಿಗೂ ಮೂರು ನಿಯಮಗಳಿಲ್ಲ. ಆರಂಭದಲ್ಲಿ ಸಿಗುವ ಕೆಲವು ಹುಡುಗರಿಗೆ ಒಂದೂ ಇಲ್ಲ. ಕೊನೆಯ ಹಂತದ ಲೊರೆಲೈ ಎಂಬಾಕೆಗೆ ಮೂರೂ ಉಂಟು. ನಾವು ‘ಬುದ್ಧಿ’ ಎಂದು ಬೆರಗಾದದ್ದು ಇದಕ್ಕೆ! ಗೇಮ್ ಬಾಯಿಯ ಮುಖ್ಯ ನೆನಪು ಕೇವಲ 8 ಕಿಲೋಬೈಟ್. ನೀವು ಓದುತ್ತಿರುವ ಈ ಲೇಖನವೂ ಅದರಲ್ಲಿ ಹಿಡಿಸುವುದಿಲ್ಲ ಎಂಬುದನ್ನು ನೆನೆದರೆ ಈ ಮೂರು ನಿಯಮಗಳನ್ನು ಹಗುರವಾಗಿ ಕಾಣುವಂತಿಲ್ಲ.

ಬಲಶಾಲಿಯ ಬೆಪ್ಪುತನ

ಆದರೆ ಮೂರನೆಯ ನಿಯಮದಲ್ಲಿ ಒಂದು ಲೋಪ ಉಳಿದುಕೊಂಡಿತ್ತು. ಅದು ಪಟ್ಟಿನ ವರ್ಗವನ್ನು ನೋಡುತ್ತದೆ. ಆ ಪಟ್ಟು ನಿಜವಾಗಿ ಏಟು ಹಾಕುತ್ತದೆಯೇ ಎಂದು ನೋಡುವುದಿಲ್ಲ.

ಇದರ ಪರಿಣಾಮವನ್ನು ಗಮನಿಸಿ. ಲ್ಯಾನ್ಸ್ ಎಂಬ ಪ್ರಬಲ ಎದುರಾಳಿಯ ಬಳಿ ಡ್ರಾಗನೈಟ್ ಎಂಬ ಮಹಾಜೀವಿಯಿದೆ. ಅದರ ನಾಲ್ಕು ಪಟ್ಟುಗಳಲ್ಲಿ ಎರಡು ಭಾರೀ ಏಟಿನವು. ಉಳಿದೆರಡರಲ್ಲಿ ಒಂದು ವೇಗ ಹೆಚ್ಚಿಸಿಕೊಳ್ಳಲು, ಇನ್ನೊಂದು ರಕ್ಷಣೆ ಹೆಚ್ಚಿಸಿಕೊಳ್ಳಲು. ಈ ಎರಡೂ ಮನಶ್ಶಕ್ತಿ ವರ್ಗಕ್ಕೆ ಸೇರಿದವು. ವಿಷ ವರ್ಗಕ್ಕೆ ಮನಶ್ಶಕ್ತಿ ವೈರಿ. ಹಾಗಾಗಿ ನೀವು ವಿಷ ವರ್ಗದ ಒಂದು ಸಾಧಾರಣ ಜೀವಿಯನ್ನು ಮುಂದೆ ನಿಲ್ಲಿಸಿದರೆ ಸಾಕು, ಆ ಎರಡು ಪಟ್ಟುಗಳ ಅಂಕ 9ಕ್ಕೆ ಇಳಿಯುತ್ತದೆ. ಏಟಿನ ಪಟ್ಟುಗಳು 10ರಲ್ಲೇ ಉಳಿಯುತ್ತವೆ. ಮಹಾಜೀವಿ ವೇಗ ಹೆಚ್ಚಿಸಿಕೊಳ್ಳುತ್ತದೆ, ರಕ್ಷಣೆ ಹೆಚ್ಚಿಸಿಕೊಳ್ಳುತ್ತದೆ. ಇನ್ನು ಹೆಚ್ಚಿಸಲು ಸಾಧ್ಯವಿಲ್ಲ ಎಂಬ ಹಂತ ಮುಟ್ಟಿದ ಮೇಲೂ ಅದನ್ನೇ ಮಾಡುತ್ತಿರುತ್ತದೆ. ನಿಮ್ಮ ಜೀವಿಯೋ ಒಂದೊಂದೇ ಏಟು ಹಾಕುತ್ತಾ ಅದನ್ನು ಕೆಡವಬಹುದು. ಬಲವಿದ್ದೂ, ಅಸ್ತ್ರವಿದ್ದೂ ಡ್ರಾಗನೈಟ್ ಕೈ ಎತ್ತುವುದಿಲ್ಲ. ಏಕೆಂದರೆ ಅದರ ನಿಯಮದ ಪ್ರಕಾರ ಅದು ಮಾಡುತ್ತಿರುವುದೇ ಸರಿ!

1999ರ ನವೆಂಬರಿನಲ್ಲಿ ಜಪಾನಿನಲ್ಲಿ ಬಂದ ಗೋಲ್ಡ್ ಮತ್ತು ಸಿಲ್ವರ್ ಆವೃತ್ತಿಗಳಲ್ಲಿ ಈ ಲೋಪವನ್ನು ತಿದ್ದಲಾಯಿತು. ಏಟು ಹಾಕುವ ಪಟ್ಟಿಗೆ ಮಾತ್ರ ವೈರಿ ವರ್ಗದ ಲಾಭ ಎಂದಾಯಿತು. ನಿಯಮಗಳ ಸಂಖ್ಯೆಯೂ ಹೆಚ್ಚಿತು. 2002ರ ರೂಬಿ ಮತ್ತು ಸಫೈರ್ ಆವೃತ್ತಿಗಳಲ್ಲಿ ಲೆಕ್ಕ 100 ಅಂಕದಿಂದ ಶುರುವಾಗಿ, ಹೆಚ್ಚು ಅಂಕದ ಪಟ್ಟು ಗೆಲ್ಲುವಂತಾಯಿತು. ಆದರೆ ಮೂಲ ವಿಧಾನ ಅದೇ: ಅಂಕ ಹಾಕು, ಆರಿಸು.

ಚದುರಂಗಕ್ಕಿಂತ ಭಿನ್ನ

ಇದೇ ಕಾಲದಲ್ಲಿ, 1997ರ ಮೇ ತಿಂಗಳಲ್ಲಿ, ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ಚದುರಂಗದ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಸೋಲಿಸಿತ್ತು. ಅದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸಿ ಹಲವು ನಡೆಗಳಾಚೆಗೆ ನೋಡುತ್ತಿತ್ತು. ಗೇಮ್ ಬಾಯಿಯ ಎದುರಾಳಿ ಈ ಸರದಿಯಾಚೆಗೆ ನೋಡುವುದಿಲ್ಲ. ಇನ್ನೂ ಒಂದು ವ್ಯತ್ಯಾಸವಿದೆ. ಚದುರಂಗದಲ್ಲಿ ಎಲ್ಲ ಕಾಯಿಗಳೂ ಇಬ್ಬರ ಕಣ್ಣೆದುರಿಗಿವೆ. ಪೊಕೆಮಾನ್ ಕಾಳಗದಲ್ಲಿ ಎದುರಾಳಿ ಹಿಂದೆ ಯಾವ ಜೀವಿಗಳನ್ನು ಇಟ್ಟುಕೊಂಡಿದ್ದಾನೆಂದು ಕಾಣುವುದಿಲ್ಲ, ಇಬ್ಬರೂ ಏಕಕಾಲಕ್ಕೆ ಆರಿಸಬೇಕು, ಅದೃಷ್ಟದ ಪಾಲೂ ಇದೆ. ಆದ್ದರಿಂದಲೇ ಮಕ್ಕಳಾಟವೆನಿಸಿದ ಈ ಕಾಳಗ ಕೃತಕ ಬುದ್ಧಿಮತ್ತೆಯ ಸಂಶೋಧಕರಿಗೆ ಗಂಭೀರ ವಿಷಯವಾಗಿದೆ. 2017ರಲ್ಲಿ ಇಂತಹ ಕಾಳಗ ಆಡುವ ಪ್ರೋಗ್ರಾಮುಗಳ ನಡುವೆ ಸ್ಪರ್ಧೆ ನಡೆಸುವ ಯೋಜನೆಯನ್ನೂ ಸಂಶೋಧಕರು ಮುಂದಿಟ್ಟರು.

ನಮಗೇನು ಪಾಠ?

ವಿದ್ಯಾರ್ಥಿ ಮಿತ್ರರೇ, ಡ್ರಾಗನೈಟಿನ ಕಥೆ ಕೇಳಿ ನಕ್ಕು ಸುಮ್ಮನಾಗಬೇಡಿ. ಇಂದು ಕೆಲಸದ ಅರ್ಜಿಗಳನ್ನು ಸೋಸುವಲ್ಲಿ, ಸಾಲ ಕೊಡಬಹುದೇ ಎಂದು ತೀರ್ಮಾನಿಸುವಲ್ಲಿ ಕೂಡ ಅಂಕ ಹಾಕುವ ಪ್ರೋಗ್ರಾಮುಗಳಿವೆ. ನಾಳೆ ನಿಮ್ಮ ಹೆಸರೂ ಅಂಥದ್ದೊಂದು ಪಟ್ಟಿಯಲ್ಲಿ ಬರಬಹುದು. ಆಟದಲ್ಲಿ ನಿಯಮ ತಪ್ಪಿದರೆ ಒಂದು ಕಾಳಗ ಹೋಗುತ್ತದೆ. ಇಲ್ಲಿ ಒಬ್ಬರ ಬದುಕಿನ ಅವಕಾಶ ಹೋಗುತ್ತದೆ. ‘ಕಂಪ್ಯೂಟರ್ ಹೇಳಿತು’ ಎಂಬ ಮಾತಿಗೆ ತಲೆಬಾಗುವ ಮೊದಲು, ಅಂಕ ಯಾವುದಕ್ಕೆ ಕೊಟ್ಟಿತು, ಯಾವುದನ್ನು ನೋಡದೆ ಬಿಟ್ಟಿತು ಎಂದು ಕೇಳಿ. ಕೇಳಲು ಧೈರ್ಯ ಬೇಕು, ಉತ್ತರ ಅರ್ಥವಾಗಲು ವಿದ್ಯೆ ಬೇಕು. ಆ ಆಟವನ್ನು ಬಿಡಿಸಿ ಓದಿದ ಹವ್ಯಾಸಿಗಳಿಗೆ ಯಾರ ಆದೇಶವೂ ಇರಲಿಲ್ಲ. ಇದ್ದದ್ದು ಕುತೂಹಲ ಮತ್ತು ತಾಳ್ಮೆ. ನಿಮ್ಮಲ್ಲಿ ಕೆಲವರಾದರೂ ಆಡುವುದರ ಜೊತೆಗೆ ಬಿಡಿಸಿ ಓದುವವರೂ ಆಗಿರೆಂದು ಹಾರೈಸುತ್ತೇನೆ.