ನೀರಲ್ಲೂ ಉಂಗುರ ತೊಡುತ್ತೀರಾ? ಖರೀದಿಗೂ ಮುನ್ನ ಇದು ಗೊತ್ತಿರಲಿ
ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯದ್ದೇ ಕಾರುಬಾರು. ನಿತ್ಯ ತೊಡುವ ಉಂಗುರಕ್ಕೆ ಯಾವ ಲೋಹ ಸೂಕ್ತ?

ಬಾಳಿಕೆ: ಪ್ಲಾಟಿನಂ, ಟೈಟಾನಿಯಂ, 316ಎಲ್ ಸ್ಟೇನ್‌ಲೆಸ್ ಸ್ಟೀಲ್ ನೀರಿಗೆ ಸುಲಭವಾಗಿ ಹಾಳಾಗವು.

ಚಿನ್ನ: 22 ಕ್ಯಾರೆಟ್ (916) ಮಳೆನೀರಿಗೆ ಹೆದರದು. 18 ಕ್ಯಾರೆಟ್‌ನಲ್ಲಿ (750) ಶೇ. 25ರಷ್ಟು ಬೇರೆ ಲೋಹವಿದೆ. ಈಜುಕೊಳದ ಕ್ಲೋರಿನ್ ಅದನ್ನು ನಿಧಾನವಾಗಿ ದುರ್ಬಲಗೊಳಿಸುತ್ತದೆ. ಕೊಳ್ಳುವಾಗ 6 ಅಕ್ಷರ-ಅಂಕಿಗಳ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಿ.

ಇವು ಬೇಡ: ಬೆಳ್ಳಿ ಕಪ್ಪಾಗುತ್ತದೆ, ಒಂದು ಗ್ರಾಂ ಗೋಲ್ಡ್ ಲೇಪನ ಸವೆಯುತ್ತದೆ, ಮುತ್ತು-ಹವಳ ಹೊಳಪು ಕಳೆದುಕೊಳ್ಳುತ್ತವೆ.

ನೆನಪಿಡಿ: ತಣ್ಣೀರಿನಲ್ಲಿ ಬೆರಳು ಕುಗ್ಗಿ, ಗಟ್ಟಿ ಲೋಹದ ಉಂಗುರವೂ ಜಾರಬಹುದು. ಈಜಿಗೆ, ಗಣೇಶ ವಿಸರ್ಜನೆಗೆ ಇಳಿಯುವ ಮುನ್ನ ಉಂಗುರವನ್ನು ಮನೆಯಲ್ಲೇ ತೆಗೆದಿಡಿ.