ಬಟಾಟೆ: ಆರಿಸುವುದು, ಇಡುವುದು, ಬೇಯಿಸುವುದು

ಘಟ್ಟದ ಮೇಲೆ ಆಲೂಗಡ್ಡೆ, ಮೈಸೂರು ಕಡೆ ಉರ್ಲಗಡ್ಡೆ, ಮಂಗಳೂರು-ಕಾಸರಗೋಡಿನ ಬ್ಯಾರಿ ಮನೆಗಳಲ್ಲಿ ಬಟಾಟೆ. ಈ ಕೊನೆಯ ಹೆಸರು ಪೋರ್ಚುಗೀಸರ ‘ಬಟಾಟ’ದಿಂದ ಬಂದದ್ದು. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಈ ಗಡ್ಡೆ ಅವರ ಹಡಗುಗಳ ಮೂಲಕವೇ ಭಾರತದ ಪಶ್ಚಿಮ ಕರಾವಳಿಗೆ ಬಂದಿಳಿಯಿತು. ಇವತ್ತು ಇಫ್ತಾರ್‌ನ ಕಟ್ಲೆಟ್, ಸಮೋಸ, ಪೋಡಿಯಿಂದ ಹಿಡಿದು ಮಾಂಸದ ಸಾರಿನವರೆಗೆ ಅದಿಲ್ಲದೆ ನಡೆಯುವುದಿಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬಣ್ಣ. ಬೆಳಕಿಗೆ ಬಿದ್ದ ಬಟಾಟೆಯ ಸಿಪ್ಪೆ ಹಸಿರಾಗುತ್ತದೆ. ಆ ಹಸಿರು ತಾನಾಗಿ ವಿಷವಲ್ಲ, ಆದರೆ ಅಲ್ಲಿ ಸೊಲನಿನ್ ಎಂಬ ವಿಷಾಂಶ ಹೆಚ್ಚಿದೆ ಎಂಬುದಕ್ಕೆ ಅದು ಗುರುತು. ಮೊಳಕೆಯಲ್ಲೂ ಅದು ಹೆಚ್ಚಿರುತ್ತದೆ. ಹೆಚ್ಚು ತಿಂದರೆ ಹೊಟ್ಟೆನೋವು, ವಾಂತಿ, ಭೇದಿ ಆಗಬಹುದು; ಮಕ್ಕಳಿಗೆ ಬೇಗ ತಟ್ಟುತ್ತದೆ. ‘ಕುಕ್ಕರಿನಲ್ಲಿ ಬೆಂದರೆ ಎಲ್ಲಾ ಹೋಗುತ್ತೆ’ ಅನ್ನುವುದು ತಪ್ಪು. ಬೇಯಿಸಿದರೂ ಕರಿದರೂ ಸೊಲನಿನ್ ಬಹುಪಾಲು ಹಾಗೇ ಉಳಿಯುತ್ತದೆ. ಸಣ್ಣ ಮೊಳಕೆಯಾದರೆ ಬುಡಸಮೇತ ಕೆತ್ತಿ ತೆಗೆದರೆ ಸಾಕು. ತುಂಬಾ ಹಸಿರಾದದ್ದು, ಕಹಿಯಾದದ್ದು ಇದ್ದರೆ ಬಿಸಾಡುವುದೇ ಸರಿ.

ಇಡುವ ಜಾಗ ಕತ್ತಲೆಯಾಗಿರಲಿ, ಗಾಳಿ ಆಡುವಂತಿರಲಿ. ನೀರುಳ್ಳಿಯ ಜೊತೆ ಒಂದೇ ಬುಟ್ಟಿಗೆ ಹಾಕಬಾರದು, ಎರಡೂ ಬೇಗ ಹಾಳಾಗುತ್ತವೆ. ಫ್ರಿಜ್‌ನಲ್ಲಿಟ್ಟರೆ ಚಳಿಗೆ ಪಿಷ್ಟ ಸಕ್ಕರೆಯಾಗುತ್ತದೆ. ಅಂಥ ಬಟಾಟೆ ಕರಿದಾಗ ಬೇಗ ಕಪ್ಪಾಗುತ್ತದೆ.

ಬೇಯಿಸುವಾಗ ಇಡೀ ಬಟಾಟೆಯನ್ನು ಕುದಿಯುವ ನೀರಿಗೆ ಹಾಕಿದರೆ ಹೊರಗೆ ಕರಗಿ ಒಳಗೆ ಗಟ್ಟಿ ಉಳಿಯುತ್ತದೆ. ತಣ್ಣೀರಿನಲ್ಲಿಟ್ಟು, ಉಪ್ಪು ಹಾಕಿ ಬಿಸಿ ಮಾಡಬೇಕು. ಸಾರಿನಲ್ಲಿ ಇನ್ನೊಂದು ಗುಟ್ಟಿದೆ: ಹುಣಸೆ ಹುಳಿ, ಟೊಮೆಟೊ ಮೊದಲೇ ಬಿದ್ದರೆ ಬಟಾಟೆ ಮೆತ್ತಗಾಗಲು ಒಪ್ಪುವುದಿಲ್ಲ. ಬಟಾಟೆ ಬೆಂದ ಮೇಲೆ ಹುಳಿ ಹಾಕಬೇಕು. ಮಾಂಸದ ಜೊತೆಗಾದರೆ ಮಾಂಸ ಮುಕ್ಕಾಲು ಬೆಂದ ನಂತರ ಬಟಾಟೆ. ಒಟ್ಟಿಗೆ ಹಾಕಿದರೆ ಮಾಂಸ ಬೇಯುವಷ್ಟರಲ್ಲಿ ಬಟಾಟೆ ಗಂಜಿಯಾಗಿರುತ್ತದೆ.

ಕಟ್ಲೆಟ್ ಎಣ್ಣೆಯಲ್ಲಿ ಒಡೆಯುತ್ತದೆ ಎಂಬುದು ರಂಝಾನಿನ ಖಾಯಂ ದೂರು. ಕಾರಣ ಹೆಚ್ಚಾಗಿ ನೀರು. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿ, ನೀರು ಬಸಿದು, ಬಿಸಿಯಿರುವಾಗಲೇ ಸಿಪ್ಪೆ ತೆಗೆದು ಕೈಯಲ್ಲಿ ಮಸೆದು, ಪೂರ್ತಿ ಆರಿದ ಮೇಲೆ ಮಸಾಲೆ ಕಲಸಬೇಕು. ಮಿಕ್ಸಿಗೆ ಹಾಕಿದರೆ ಅಂಟಂಟಾಗುತ್ತದೆ. ಚಿಪ್ಸ್‌ಗೆ ಹೆಚ್ಚಿದ್ದನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಒದ್ದೆ ತುಂಡು ಬಿಸಿ ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ, ಹತ್ತಿರ ಮಕ್ಕಳಿದ್ದರೆ ಸುಟ್ಟಗಾಯ ಖಂಡಿತ. ಎಣ್ಣೆಗೆ ಬೆಂಕಿ ಹಿಡಿದರೆ ನೀರು ಹಾಕಲೇಬಾರದು. ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಬೇಕು. ತಿಂಗಳಿಡೀ ಅದೇ ಎಣ್ಣೆಯನ್ನು ಕಾಯಿಸುವ ರೂಢಿಯೂ ಬಿಡಬೇಕಾದದ್ದೇ. ಕಪ್ಪಾಗಿ, ನೊರೆ ಬರುವ ಎಣ್ಣೆ ಎಸೆಯಲು ಯೋಗ್ಯ.

ಬೇಯಿಸಿದ 100 ಗ್ರಾಂ ಬಟಾಟೆಯಲ್ಲಿ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಸಕ್ಕರೆ ಕಾಯಿಲೆ ಇರುವವರು ಅನ್ನದ ಮೇಲೆ ಬಟಾಟೆ ಪಲ್ಯ ಬಡಿಸಿಕೊಳ್ಳುವುದಕ್ಕಿಂತ ಅನ್ನ ಕಡಿಮೆ ಮಾಡಿ ತಿನ್ನುವುದು ಉತ್ತಮ. ಕಿಡ್ನಿ ತೊಂದರೆ, ಡಯಾಲಿಸಿಸ್ ಇರುವವರಿಗೆ ಪೊಟ್ಯಾಸಿಯಂ ಹೆಚ್ಚಾದರೆ ಹೃದಯಕ್ಕೆ ಅಪಾಯ. ಅವರಿಗಾಗಿ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಬೇಕು. ಬರೀ ನೆನೆಸಿದರೆ ಹೆಚ್ಚೇನೂ ಇಳಿಯುವುದಿಲ್ಲ. ಎಷ್ಟು ತಿನ್ನಬಹುದು ಎಂಬುದನ್ನು ಡಾಕ್ಟರೇ ಹೇಳಬೇಕು.

ಇಫ್ತಾರ್‌ಗೆ ಮಾಡಿ ಉಳಿದ ಬಟಾಟೆ ಮಸಾಲೆಯನ್ನು ಸಹರಿವರೆಗೆ ಹೊರಗಿಡಬಾರದು. ಕರಾವಳಿಯ ಸೆಕೆಗೆ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ತಿನ್ನುವ ಮೊದಲು ಹಬೆ ಬರುವಷ್ಟು ಬಿಸಿಯಾಗಬೇಕು.