ಬಾಸ್ ಗಿಟಾರಿಗೊಂದು ಪೆಟ್ಟಿಗೆ

ಬ್ಯಾಂಡಿನಲ್ಲಿ ಬಾಸ್ ನುಡಿಸುವವನನ್ನು ಯಾರೂ ಗಮನಿಸುವುದಿಲ್ಲ, ಅವನು ನಿಲ್ಲಿಸಿದರೆ ಮಾತ್ರ ಏನೋ ಖಾಲಿ ಖಾಲಿ! ಆ ತಗ್ಗು ದನಿಯನ್ನು ಕೇಳಿಸುವುದೇ ಒಂದು ಕಾಲಕ್ಕೆ ದೊಡ್ಡ ತಲೆನೋವಾಗಿತ್ತು.

ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ಗಿಟಾರ್ ತಂದರು. ಮರುವರ್ಷ ಅದಕ್ಕೆಂದೇ ಬಾಸ್‌ಮನ್ ಬಂತು. ಆಂಪ್ಲಿಫೈಯರು, 15 ಇಂಚಿನ ಸ್ಪೀಕರು ಎರಡೂ ಒಂದೇ ಪೆಟ್ಟಿಗೆಯಲ್ಲಿ. ಕಾಂಬೊ ಅಂದರೆ ಇದೇ. ಮುಂದೆ ಅದು 10 ಇಂಚಿನ ನಾಲ್ಕು ಸ್ಪೀಕರುಗಳ, ಬೆನ್ನು ತೆರೆದ ಪೆಟ್ಟಿಗೆಯಾಯಿತು. ತಮಾಷೆ ನೋಡಿ, ಅದಕ್ಕೆ ಮನಸೋತವರು ಮಾಮೂಲಿ ಗಿಟಾರಿನವರು! ಜೋರು ಮಾಡಿದಾಗ ಒಡೆಯುವ ಅದರ ದನಿಯೇ ಅವರಿಗೆ ಇಷ್ಟವಾಯಿತು.

ಬಾಸಿನವನಿಗೆ ಬೇಕಾದದ್ದು ಬೇರೆ. ಬೆನ್ನು ತೆರೆದಿದ್ದರೆ ಸ್ಪೀಕರಿನ ಹಿಂದಿನ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ನುಂಗುತ್ತದೆ. ತಗ್ಗು ಸ್ವರಗಳಿಗೇ ಹೆಚ್ಚು ಪೆಟ್ಟು. 1960ರಲ್ಲಿ ಬಂದ ಆಂಪೆಗ್ ಬಿ-15ರ ಬೆನ್ನು ಮುಚ್ಚಿತ್ತು. ಆಂಪೆಗ್ ಕಟ್ಟಿದ ಎವರೆಟ್ ಹಲ್ ಸ್ವತಃ ಡಬಲ್ ಬಾಸ್ ವಾದಕರು, ಕಷ್ಟ ಗೊತ್ತಿದ್ದವರು. ಮೇಲಿನ ಆಂಪ್ಲಿಫೈಯರನ್ನು ಮಗುಚಿ ಪೆಟ್ಟಿಗೆಯೊಳಗೇ ಇಟ್ಟು ಸಾಗಿಸಬಹುದಿತ್ತು. ಶಕ್ತಿ 25-30 ವ್ಯಾಟ್ ಅಷ್ಟೆ. ಮೋಟೌನಿನ ಜೇಮ್ಸ್ ಜೇಮರ್‌ಸನ್ ಕ್ಲಬ್ಬುಗಳಲ್ಲಿ ನುಡಿಸಿದ್ದು ಇದರಲ್ಲೇ.

ಡ್ರಮ್ಸ್ ಜೊತೆಗಿದ್ದರೆ ವ್ಯಾಟ್ ಬೇಕು, ನಿಜ. ಆದರೆ ಕಾಂಬೊ ಕೊಳ್ಳಲು ಹೋದಾಗ ಮೊದಲು ದಪ್ಪನೆಯ ಇ ತಂತಿ ಮೀಟಿ, ಕಣ್ಮುಚ್ಚಿ ಕೇಳಿ. ಸೆಕೆಂಡಿಗೆ ಸುಮಾರು 41 ಕಂಪನ. ಸ್ವರ ಸ್ವರವಾಗಿಯೇ ಕೇಳಿಸಿತೇ, ಬರೀ ಗುಂಯ್ ಅಂದಿತೇ? ಉತ್ತರ ಅಲ್ಲೇ ಇದೆ...